ಇನ್ನೂ ಓದ್ತಾ ಇದೀಯೇನಪ್ಪಾ?

ಈ ಪ್ರಶ್ನೆ ಕೇಳದವರು ನಮ್ಮ ಕಡೆ ಕಡಿಮೆ. ಹೊಳಲ್ಕೆರೆ ತಾಲ್ಲೂಕು ಕಚೇರಿಯ ಜವಾನರು ಕೇಳುತ್ತಾರೆ. ಹೊಸದುರ್ಗ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಣ್ಣ ಕೇಳುತ್ತಾನೆ. ನಮ್ಮ ಸೋದರತ್ತೆ ಸ್ವಲ್ಪ ತಿದ್ದಿ, "ಇನ್ನೂ ಪಾಸಾಗಿಲ್ವೇನೋ?" ಅನ್ನುತ್ತಾಳೆ. ನನಗೆ 34. ಮಗಳು ಎರಡನೇ ಕ್ಲಾಸು. ಅವಳ ಕಾಪಿ ಪುಸ್ತಕದ ಪಕ್ಕದಲ್ಲೇ ನನ್ನ ಎಂ.ಎ. ಪುಸ್ತಕ ಇರುತ್ತದೆ. ಅದರ ಕೆಲವು ಪುಟಗಳಲ್ಲಿ ಅವಳು ಬಿಡಿಸಿದ ನವಿಲುಗಳೂ ಇವೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಡಿಗ್ರಿ ಆದ ಮೇಲೆ ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದೆ. ಹತ್ತು ವರ್ಷದಿಂದ ಚಿತ್ರದುರ್ಗದಲ್ಲಿ ಸ್ಟ್ರಿಂಗರ್. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆ ಓಡಾಡುತ್ತೇನೆ. ಸ್ಟ್ರಿಂಗರ್ ಅಂದರೆ ಪೇಪರಿನವನು ಹೌದು, ಪೇಪರಿನ ನೌಕರನಲ್ಲ. ಸುದ್ದಿ ಕಳಿಸಿದರೆ ಗೌರವಧನ, ಕಳಿಸದಿದ್ದರೆ ಗೌರವ ಮಾತ್ರ. ಪಿ.ಎಫ್. ಇಲ್ಲ, ವಾರದ ರಜೆ ಇಲ್ಲ. ಇದರ ನಡುವೆ ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದೇನೆ. ಯಾವ ವಿಶ್ವವಿದ್ಯಾಲಯ ಅಂತ ಹೇಳಿದರೆ ಜಾಹೀರಾತಾಗುತ್ತದೆ, ಬಿಡಿ. ಎರಡು ವರ್ಷದ ಕೋರ್ಸು. ಇದು ನನಗೆ ನಾಲ್ಕನೇ ವರ್ಷ.

ಈ ವಯಸ್ಸಿನಲ್ಲಿ ಯಾಕೆ ಅಂತ ಕೇಳಿದರೆ ಉತ್ತರ ಸರಳ. ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಎಂ.ಎ. ಬೇಕು. ಅದರಲ್ಲಿ ಶೇ 55 ಬರಬೇಕು (ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಶೇ 50). ಆಮೇಲೆ ನೆಟ್ ಅಥವಾ ಕೆ-ಸೆಟ್. ಐವತ್ತು ದಾಟಿದ ಮೇಲೂ ಬೈಕಿನಲ್ಲಿ ಅಪಘಾತದ ಫೋಟೊಗೆ ಓಡುವ ಹಿರಿಯ ಸ್ಟ್ರಿಂಗರ್‌ಗಳನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಬಹಳ ಗೌರವ. ಆದರೆ ಅವರ ಮಂಡಿನೋವನ್ನೂ ನೋಡಿದ್ದೇನೆ.

ನಮ್ಮ ರಾಜ್ಯಕ್ಕೆ ಈ ಓದು ಹೊಸದೇನಲ್ಲ. 1969ರಲ್ಲೇ ಮೈಸೂರು ವಿಶ್ವವಿದ್ಯಾಲಯ 'ಅಂಚೆ ತೆರಪಿನ ಶಿಕ್ಷಣ' ಅಂತ ಶುರು ಮಾಡಿತ್ತು. ಅದೇ ಮುಂದೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಮ್ಮ ಹಳ್ಳಿಗಳ ಎಷ್ಟೋ ಮೇಷ್ಟ್ರುಗಳು 'ಕರೆಸ್ಪಾಂಡೆನ್ಸ್' ಮಾಡಿಯೇ ಬಡ್ತಿ ಪಡೆದವರು. ಈಗಲೂ ಕೆಲವರು "ಅದು ಮನೆಯಲ್ಲಿ ಕೂತು ಮಾಡೋ ಡಿಗ್ರಿ, ನಡೆಯುತ್ತಾ?" ಅಂತ ಮೂಗು ಮುರಿಯುತ್ತಾರೆ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆ 'ಮಾನ್ಯತೆ ಇರುವ' ಅನ್ನುವ ಮಾತು ಮುಖ್ಯ. 2015ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರಿಂದ ಮಾನ್ಯತೆ ಇಲ್ಲ ಅಂತ ಯುಜಿಸಿ ಹೇಳಿದಾಗ ಎಷ್ಟು ವಿದ್ಯಾರ್ಥಿಗಳು ಅತಂತ್ರರಾದರು ಅನ್ನುವುದನ್ನು ಆಗ ಪೇಪರ್ ಓದಿದವರೆಲ್ಲ ಬಲ್ಲರು. 2018ರಲ್ಲಿ ಮಾನ್ಯತೆ ಮತ್ತೆ ಬಂತು. ಹಾಗಾಗಿ ಯಾರೇ ಸೇರುವುದಿದ್ದರೂ ಫೀಸು ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟ್ ತೆಗೆದು, ಆ ವರ್ಷಕ್ಕೆ, ಆ ಕೋರ್ಸಿಗೆ ಅನುಮತಿ ಇದೆಯಾ ನೋಡಿ. ಏಜೆಂಟ್ ಮಾತು ನಂಬಬೇಡಿ.

ಇನ್ನು ನನ್ನ ದಿನಚರಿ. ಸೇರಿದ ಹೊಸದರಲ್ಲಿ ಎಲ್ಲರಂತೆ ನಾನೂ ಟೈಂಟೇಬಲ್ ಬರೆದು ಬೀರು ಬಾಗಿಲಿಗೆ ಅಂಟಿಸಿದ್ದೆ. ಬೆಳಿಗ್ಗೆ 5ರಿಂದ 7 ಓದು, ರಾತ್ರಿ 9ರಿಂದ 11 ಓದು. ಯೂಟ್ಯೂಬಿನಲ್ಲಿ ಎಲ್ಲ ಸಾಧಕರೂ ಇದನ್ನೇ ಹೇಳುತ್ತಾರೆ. ಅವರಿಗೆ ಬೆಳಗಿನ ಜಾವ ಪೊಲೀಸ್ ಸ್ಟೇಷನ್‌ನಿಂದ ಫೋನು ಬರುವುದಿಲ್ಲ ಅಂತ ಕಾಣುತ್ತದೆ.

ನಮ್ಮ ಜಿಲ್ಲೆಯ ನಡುವೆ ಪುಣೆ–ಬೆಂಗಳೂರು ಹೆದ್ದಾರಿ ಹೋಗುತ್ತದೆ. ಹಿಂದೆ 4 ಅಂತಿದ್ದದ್ದು ಈಗ 48. ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರ್. ಈ ದಾರಿಯಲ್ಲಿ ಲಾರಿ, ಸ್ಲೀಪರ್ ಬಸ್ಸು, ಕಾರು ಇಡೀ ರಾತ್ರಿ ಹರಿಯುತ್ತವೆ. ನಾನು ಕಳಿಸಿದ ಅಪಘಾತದ ಸುದ್ದಿಗಳಲ್ಲಿ ಹೆಚ್ಚಿನವು ನಡುರಾತ್ರಿ ಮತ್ತು ಬೆಳಗಿನ ಜಾವದವು. 'ಚಾಲಕ ನಿದ್ದೆಯ ಮಂಪರಿನಲ್ಲಿದ್ದುದೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ' ಅನ್ನುವ ವಾಕ್ಯವನ್ನು ಎಷ್ಟು ಸಲ ಟೈಪ್ ಮಾಡಿದ್ದೇನೆಂದರೆ, ಫೋನಿನಲ್ಲಿ 'ನಿದ್ದೆಯ' ಅಂತ ಹೊಡೆದರೆ ಸಾಕು, ಮುಂದಿನ ಪದ 'ಮಂಪರಿನಲ್ಲಿ' ಅಂತ ಅದೇ ತೋರಿಸುತ್ತದೆ.

ಮೊದಲ ವರ್ಷದ ಪರೀಕ್ಷೆಗೆ ಮೂರು ವಾರ ಇತ್ತು. ಹಿರಿಯೂರು ಹತ್ತಿರ ಹೆದ್ದಾರಿ ಬದಿಯಲ್ಲಿ ನನ್ನ ಗೆಳೆಯನ ಪಂಕ್ಚರ್ ಅಂಗಡಿ ಇದೆ. ರಾತ್ರಿಯೆಲ್ಲ ತೆರೆದಿರುತ್ತದೆ. ಲಾರಿ ಪಲ್ಟಿಯಾದರೆ ಆಂಬುಲೆನ್ಸ್ ನಂತರ ಅವನು ಫೋನ್ ಮಾಡುವುದು ನನಗೇ. ಅಂದು ಅವನು ಫೋನ್ ಮಾಡಿದಾಗ ರಾತ್ರಿ 2 ಗಂಟೆ. ನಾನು 12ರವರೆಗೆ ಓದಿ ಮಲಗಿದ್ದೆ. ಹೋದೆ, ಫೋಟೊ ತೆಗೆದೆ, ಹೆಸರು ಊರು ಬರೆದುಕೊಂಡೆ. ವಾಪಸ್ ಹೊರಡಲು ಬೈಕಿಗೆ ಕೀ ಹಾಕಿದರೆ ಅವನು ಬಂದು ಕೀ ಕಿತ್ತುಕೊಂಡ.

"ಕಣ್ಣು ನೋಡ್ಕೊಂಡಿದೀಯ? ಇಲ್ಲೇ ಮಲ್ಕ. ನಾಳೆ ನಿನ್ ಸುದ್ದಿ ಯಾರ್ ಬರೀತಾರೆ, ನಾನಾ?"

ಅವನ ಅಂಗಡಿಯ ಹಿಂದಿನ ಹಗ್ಗದ ಮಂಚದಲ್ಲಿ, ಟೈರು ವಾಸನೆಯಲ್ಲಿ, 7 ಗಂಟೆವರೆಗೆ ಸತ್ತ ಹಾಗೆ ಮಲಗಿದ್ದೆ. ಎದ್ದು ಮನೆಗೆ ಬಂದವನು ಬೀರು ಬಾಗಿಲಿನ ಟೈಂಟೇಬಲ್ ಕಿತ್ತು ಹಾಕಿ, ಆ ಸಲದ ನಾಲ್ಕು ಪತ್ರಿಕೆಗಳಲ್ಲಿ ಎರಡನ್ನು ಮಾತ್ರ ಬರೆಯುವುದು ಅಂತ ತೀರ್ಮಾನಿಸಿದೆ. (ಪತ್ರಿಕೆ ಅಂದರೆ ನನಗೆ ಎರಡು ಅರ್ಥ. ಒಂದು ಸಂಬಳ ಕೊಡುವುದಿಲ್ಲ, ಇನ್ನೊಂದು ನಿದ್ದೆ ಕೊಡುವುದಿಲ್ಲ.) ಮನೆಯವಳು ಕೇಳಿದಳು, "ಹಂಗಾದ್ರೆ ಎರಡು ವರ್ಷಕ್ಕೆ ಮುಗಿಯಲ್ಲ ಅಲ್ವಾ?" ಮುಗಿಯಲ್ಲ ಅಂದೆ. "ಮುಗೀದಿದ್ರೆ ಬೇಡ. ನೀವು ರಾತ್ರಿ ಬೈಕಲ್ಲಿ ತೂಕಡಿಸ್ದೆ ಬಂದ್ರೆ ಸಾಕು" ಅಂದಳು.

ಈ ವಿಷಯದಲ್ಲಿ ನಾನು ಸ್ವಲ್ಪ ಹಟದ ಮನುಷ್ಯ. ದೂರಶಿಕ್ಷಣದ ದೊಡ್ಡ ಅನುಕೂಲ ಮನೆಯಲ್ಲಿ ಕೂತು ಓದುವುದು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ದೊಡ್ಡ ಅನುಕೂಲ ನಿಧಾನವಾಗಿ ಓದಬಹುದು ಅನ್ನುವುದು. ಉದಾಹರಣೆಗೆ ಇಗ್ನೋದಲ್ಲಿ ಎರಡು ವರ್ಷದ ಎಂ.ಎ.ಯನ್ನು ಸಾಮಾನ್ಯವಾಗಿ ನಾಲ್ಕು ವರ್ಷದೊಳಗೆ ಮುಗಿಸಲು ಅವಕಾಶವಿದೆ. ಪ್ರತಿ ವಿಶ್ವವಿದ್ಯಾಲಯಕ್ಕೂ ಅದರದೇ ನಿಯಮ ಇರುತ್ತದೆ. ಪ್ರಾಸ್ಪೆಕ್ಟಸ್‌ನಲ್ಲಿ ಫೀಸಿನ ಪುಟ ನೋಡಿದ ಮೇಲೆ ನೋಡಬೇಕಾದ ಪುಟ ಅದೇ. ಆದರೆ ಗಡುವು ಇದೆ ಅಂತ ಅದನ್ನು ಬಳಸಲು ನಮ್ಮವರು ನಾಚುತ್ತಾರೆ. ಫೇಲಾದವನು ಅಂದುಕೊಂಡಾರು ಅನ್ನುವ ಭಯ.

ಹಾಗಾದರೆ ಓದಿದ್ದು ಯಾವಾಗ? ಕಾಯುವಾಗ. ವರದಿಗಾರನ ಬದುಕಿನಲ್ಲಿ ಅರ್ಧ ಕಾಯುವುದೇ. 11 ಗಂಟೆಗೆ ಕೆ.ಡಿ.ಪಿ. ಸಭೆ ಅಂದರೆ ಶಾಸಕರು ಬರುವುದು 12.30ಕ್ಕೆ. ಮಂತ್ರಿಗಳ ಕಾರ್ಯಕ್ರಮವಾದರೆ ಒಂದು ಇಡೀ ಅಧ್ಯಾಯ ಮುಗಿಯುತ್ತದೆ. ಜೊತೆಯ ವರದಿಗಾರರು ಮೊದಮೊದಲು ರೇಗಿಸುತ್ತಿದ್ದರು. ಈಗ ಅವರೇ "ಸಾಹೇಬ್ರು ಇನ್ನೂ ಹೊರಟಿಲ್ವಂತೆ, ಓದ್ಕೊಳಪ್ಪ" ಅನ್ನುತ್ತಾರೆ. ಬಸ್ಸಿನಲ್ಲಿ ಓದಲು ಆಗುವುದಿಲ್ಲ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕೂತವರಿಗೆ ಕಾರಣ ಹೇಳಬೇಕಿಲ್ಲ. ರಸ್ತೆ ಒಂದು ಕಡೆ, ಡ್ರೈವರ್ ತಲೆ ಮೇಲಿನ ಸ್ಪೀಕರ್ ಇನ್ನೊಂದು ಕಡೆ. ಅದಕ್ಕೆ ಪಾಠಗಳನ್ನು ನಾನೇ ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತೇನೆ. ನಡುನಡುವೆ ನಮ್ಮ ಮನೆ ಕುಕ್ಕರಿನ ವಿಷಲ್, ಮಗಳ "ಅಪ್ಪಾ, ರಬ್ಬರ್ ಎಲ್ಲಿ?" ಎಲ್ಲ ಇವೆ. ಸಂವಹನದ ಒಂದು ವ್ಯಾಖ್ಯೆ ಈಗಲೂ ನನಗೆ ರಬ್ಬರ್ ಜೊತೆಗೇ ನೆನಪಾಗುವುದು.

ಸಂಪರ್ಕ ತರಗತಿಗಳ ಬಗ್ಗೆ ಒಂದು ಮಾತು. ಅಲ್ಲಿ ನನಗೆ ಸಿಕ್ಕವರು: ಇಬ್ಬರು ಪೊಲೀಸ್ ಕಾನ್‌ಸ್ಟೆಬಲ್‌ಗಳು, ಒಬ್ಬ ಲೈನ್‌ಮನ್, ಒಬ್ಬ ಬ್ಯಾಂಕಿನ ಅಟೆಂಡರ್, ಹೊಸದುರ್ಗ ಕಡೆಯ ಒಬ್ಬ ಅಂಗನವಾಡಿ ಅಕ್ಕ. ಆ ಅಕ್ಕ ಮೊದಲ ಬಸ್ಸಿಗೆ ಬಂದು ಕೊನೆ ಬಸ್ಸಿಗೆ ಹೋಗುತ್ತಿದ್ದರು. ಮನೆಯಲ್ಲಿ ಅತ್ತೆಗೆ ಇಲಾಖೆ ಟ್ರೈನಿಂಗ್ ಅಂತ ಹೇಳಿರುತ್ತಿದ್ದರು. ಸೊಸೆ ಎಂ.ಎ. ಓದುತ್ತಾಳೆ ಅಂದರೆ ಒಪ್ಪದ ಮನೆ, ಟ್ರೈನಿಂಗ್ ಅಂದರೆ ಒಪ್ಪುತ್ತದೆ. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದೆವು. ದೂರಶಿಕ್ಷಣದಲ್ಲಿ ಸಹಪಾಠಿಗಳೇ ಇರುವುದಿಲ್ಲ ಅನ್ನುವುದು ಸುಳ್ಳು. ವರ್ಷಕ್ಕೆ ಕೆಲವೇ ದಿನ ಇರುತ್ತಾರೆ, ಅಷ್ಟೆ.

ಇನ್ನು ಗೆಳೆಯರ ವಿಷಯ. ಕೆಲಸಕ್ಕೆ ಗಡುವು ಇದೆ, ರಾತ್ರಿ 8ರೊಳಗೆ ಜಿಲ್ಲಾ ಪುಟಕ್ಕೆ ಸುದ್ದಿ ಸೇರಬೇಕು. ಓದಿಗೂ ಗಡುವು ಇದೆ, ಅಸೈನ್‌ಮೆಂಟಿಗೆ ಕೊನೆಯ ದಿನ ಅಂತ ಇರುತ್ತದೆ. ಗೆಳೆಯರಿಗೆ ಯಾವ ಕೊನೆಯ ದಿನವೂ ಇಲ್ಲ. ಆದ್ದರಿಂದ ಎಲ್ಲದಕ್ಕಿಂತ ಮೊದಲು ಹಿಂದಕ್ಕೆ ಸರಿಯುವವರು ಅವರೇ. ಹೊಳಲ್ಕೆರೆಯಲ್ಲಿ ಅಡಿಕೆ ಖೇಣಿ ಹಿಡಿಯುವ ನನ್ನ ಹೈಸ್ಕೂಲು ಗೆಳೆಯ ಒಂದು ದಿನ ನೇರವಾಗಿಯೇ ಹೇಳಿದ: "ನೀನು ನಮ್ಮೂರಿಗೆ ಬರೋದು ಯಾರಾದ್ರೂ ಸತ್ರೆ, ಇಲ್ಲಾ ಮಂತ್ರಿ ಬಂದ್ರೆ. ನಾನು ಇವೆರಡೂ ಅಲ್ಲ." ಅವನು ನಗುತ್ತಲೇ ಹೇಳಿದ್ದು. ಆದರೂ ಆ ಮಾತು ಹೊಳಲ್ಕೆರೆಯಿಂದ ದುರ್ಗದವರೆಗೆ ಬೈಕಿನ ಹಿಂದೆ ಕೂತು ಬಂತು.

ಹೆಚ್ಚಿನ ಸಮಯ ಎಲ್ಲಿಂದಲೂ ಸಿಗುವ ಹಾಗಿರಲಿಲ್ಲ. ಅದಕ್ಕೆ ಇರುವ ಸಮಯವನ್ನೇ ಕಲಸಿದೆ. ಪರೀಕ್ಷೆಗೆ ಓದಿದ್ದನ್ನು ಯಾರಿಗಾದರೂ ಹೇಳಿದರೆ ನೆನಪಿರುತ್ತದೆ ಅಂತಾರಲ್ಲ, ಅವನಿಗೇ ಹೇಳತೊಡಗಿದೆ. ಬಯಲು ಗಣಪತಿ ಗುಡಿ ಹತ್ತಿರ ಟೀ ಕುಡಿಯುತ್ತ ತಿಂಗಳಿಗೆ ಒಂದೆರಡು ಸಂಜೆ. ಅವನು ಪಿ.ಯು.ಸಿ.ಗೆ ಓದು ಬಿಟ್ಟವನು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಕಲ್ಲಚ್ಚಿನಲ್ಲಿ ತಂದ, ಮುಂದಿನ ವರ್ಷ ಅದು ನಮ್ಮ ಪಕ್ಕದ ಬಳ್ಳಾರಿಗೆ ಹೋಯಿತು ಅಂತ ಹೇಳಿದರೆ, ಗಂಭೀರವಾಗಿ ಕೇಳಿದ: "ಅವರಾದ್ರೂ ಸ್ಟ್ರಿಂಗರ್‌ಗೆ ಟೈಮಿಗೆ ಸರಿಯಾಗಿ ದುಡ್ಡು ಕೊಡ್ತಿದ್ರಾ?"

ಇನ್ನೊಂದು ದಿನ 'ಎರಡು ಹಂತದ ಹರಿವು' ಅನ್ನುವ ಸಿದ್ಧಾಂತ. 1940ರ ಅಮೆರಿಕದ ಅಧ್ಯಕ್ಷ ಚುನಾವಣೆ ಸಮಯದಲ್ಲಿ ಲಾಜರ್ಸ್‌ಫೆಲ್ಡ್ ಎಂಬ ವಿದ್ವಾಂಸ ಮತ್ತು ಅವರ ಜೊತೆಗಾರರು ಓಹಾಯೋ ರಾಜ್ಯದ ಒಂದು ಕೌಂಟಿಯಲ್ಲಿ ಜನರನ್ನು ಮಾತಾಡಿಸಿ ಕಂಡುಕೊಂಡದ್ದು. ಪತ್ರಿಕೆ, ರೇಡಿಯೊ ನೇರವಾಗಿ ಜನರ ಮನಸ್ಸು ಬದಲಿಸುವುದಕ್ಕಿಂತ, ಅವನ್ನು ಓದಿ ಕೇಳಿದ ಕೆಲವು ಹಿರಿತಲೆಗಳ ಮೂಲಕ ವಿಷಯ ಉಳಿದವರಿಗೆ ಹೋಗುತ್ತದೆ ಅಂತ. ಪುಸ್ತಕದಲ್ಲಿ ಆರು ಪುಟ, ನನಗೆ ಮೂರು ದಿನ. ಅವನು ಟೀ ಲೋಟ ಕೆಳಗಿಟ್ಟು ಹೇಳಿದ: "ಇದಕ್ಕೆ ಅಮೆರಿಕ ಯಾಕೆ? ಪೇಪರ್‌ನಾಗೆ ಬಂದ ಅಡಿಕೆ ರೇಟು ನಮ್ಮೂರಾಗೆ ಯಾರ್ ನಂಬ್ತಾರೆ? ಭೀಮಸಮುದ್ರದ ಸಾಹುಕಾರ್ರು ಹೌದು ಅಂದ್ಮೇಲೆ ನಂಬೋದು." ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂತು. ಉದಾಹರಣೆಗೆ ಅಡಿಕೆ ರೇಟನ್ನೇ ಬರೆದೆ. ಒಳ್ಳೆಯ ಅಂಕ ಬಂದ ಪತ್ರಿಕೆ ಅದು.

ಓದು ಕೆಲಸಕ್ಕೆ ಏನು ಕೊಟ್ಟಿತು ಅನ್ನುವುದಕ್ಕೂ ಒಂದು ಸಂಗತಿ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಬಯಲುಸೀಮೆಯವರಿಗೆ ಅದು ಎಂಥ ದಿನ ಅಂತ ನಾನು ಹೇಳಬೇಕಿಲ್ಲ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರಲ್ಲಿ. 130 ಅಡಿ ತುಂಬಿ ಮೊದಲ ಸಲ ಕೋಡಿ ಹರಿದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾಯಬೇಕಾಯಿತು. ನಮ್ಮ ಅಜ್ಜ ಸಾಯುವವರೆಗೂ ಹೇಳುತ್ತಿದ್ದ ಕೋಡಿಯನ್ನು ನಾವು ಕಣ್ಣಾರೆ ಕಂಡೆವು. ಜನವೋ ಜನ. ಹಿರಿಯೂರಿನಿಂದ ಡ್ಯಾಂವರೆಗೆ ವಾಹನ ಸಾಲು. ಬಾಗಿನ, ಸೆಲ್ಫಿ, ಮಂಡಕ್ಕಿ ಮೆಣಸಿನಕಾಯಿ. ನಾನು ನಾಲ್ಕು ದಿನ ಅಲ್ಲೇ ಇದ್ದೆ. ಅಸೈನ್‌ಮೆಂಟಿನ ಕೊನೆಯ ದಿನವೂ ಅದೇ ವಾರ ಬಂದಿತ್ತು. ವಿಷಯ: 'ಸುದ್ದಿಯಲ್ಲಿ ಯಾರ ದನಿ ಕೇಳಿಸುತ್ತದೆ, ಯಾರದು ಕೇಳಿಸುವುದಿಲ್ಲ.'

ಎರಡನೇ ರಾತ್ರಿ ಪಂಕ್ಚರ್ ಅಂಗಡಿಯ ಹಗ್ಗದ ಮಂಚದಲ್ಲಿ ಕೂತು ಆ ಅಸೈನ್‌ಮೆಂಟ್ ಬರೆಯುತ್ತಿದ್ದೆ. ನಾನು ಕಳಿಸಿದ ಸುದ್ದಿಗಳನ್ನೇ ಉದಾಹರಣೆಗೆ ಅಂತ ತೆಗೆದು ನೋಡಿದರೆ ಶಾಸಕರು, ಅಧಿಕಾರಿಗಳು, ನೋಡಲು ಬಂದ ಜನ, ಎಲ್ಲರೂ ಅಣೆಕಟ್ಟಿನ ಈ ಕಡೆಯವರು. ನೀರು ನಿಂತಿರುವುದು ಆ ಕಡೆ. ಬೆಳಿಗ್ಗೆ ಎದ್ದು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳ ಕಡೆ ಹೋದೆ. ಅಲ್ಲಿ ತೆಂಗಿನ ತೋಟಗಳಲ್ಲಿ ಮೊಣಕಾಲುದ್ದ ನೀರು. ಒಬ್ಬ ಅಜ್ಜಿ ತೋಟದ ಅಂಚಿನಲ್ಲಿ ನಿಂತು ನನ್ನನ್ನೇ ಕೇಳಿದರು, "ಅತ್ಲಾಗೆ ಜಾತ್ರೆ ಅಂತಲ್ಲಪ್ಪಾ, ಹೌದಾ?" ಆ ಒಂದು ಮಾತನ್ನೇ ಮೊದಲ ಸಾಲು ಮಾಡಿ ಸುದ್ದಿ ಕಳಿಸಿದೆ. ಡೆಸ್ಕಿನವರು ಅಷ್ಟನ್ನೂ ಹಾಕಿದರು. ಆ ಅಸೈನ್‌ಮೆಂಟ್ ಇಲ್ಲದಿದ್ದರೆ ನಾನು ಆ ಕಡೆ ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಮೊದಲು ಹೋದದ್ದೇ ಹಿನ್ನೀರಿಗೆ. ಅಜ್ಜಿ ಗುರುತು ಹಿಡಿದರು, ಕಾಫಿ ಕೊಟ್ಟರು.

ವಿಶ್ರಾಂತಿ ಅಂತ ನನಗೆ ವರ್ಷಕ್ಕೊಮ್ಮೆ ಸರಿಯಾಗಿ ಸಿಗುವುದು ನವೆಂಬರ್‌ನಲ್ಲಿ, ಸಾಣೇಹಳ್ಳಿಯ ನಾಟಕೋತ್ಸವದಲ್ಲಿ. ಹೊಸದುರ್ಗ ತಾಲ್ಲೂಕಿನ ಈ ಹಳ್ಳಿಯ ಶಿವಸಂಚಾರ ತಂಡದ ನಾಟಕ ನೋಡದವರು ನಿಮ್ಮಲ್ಲಿ ಕಡಿಮೆ ಇರಬೇಕು. 1997ರಿಂದ ಊರೂರು ಸುತ್ತುತ್ತಿದೆ. ಸಂಜೆ ವಿಚಾರ ಸಂಕಿರಣದ ಸುದ್ದಿ ಕಳಿಸಿದರೆ ನನ್ನ ಕೆಲಸ ಮುಗಿಯಿತು. ಆಮೇಲೆ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ನಾವು ಮೂವರು. ಖೇಣಿ ಗೆಳೆಯ, ಹೊಸದುರ್ಗದಲ್ಲಿ ಅತಿಥಿ ಉಪನ್ಯಾಸಕನಾಗಿರುವ ಇನ್ನೊಬ್ಬ ಗೆಳೆಯ, ನಾನು. ಒಂದು ವರ್ಷ ನಾಟಕ ಶುರುವಾದ ಹತ್ತು ನಿಮಿಷಕ್ಕೇ ನಾನು ಮೆಟ್ಟಿಲಿಗೆ ಒರಗಿ ನಿದ್ದೆ ಹೋಗಿದ್ದೆ. ಇಬ್ಬರೂ ಎಬ್ಬಿಸಲಿಲ್ಲ. ಮುಗಿದ ಮೇಲೆ ದಾರಿಯುದ್ದಕ್ಕೂ ಕಥೆ ಹೇಳಿದರು, ಇಬ್ಬರ ಕಥೆಯೂ ಬೇರೆ ಬೇರೆ ಇತ್ತು.

ಅತಿಥಿ ಉಪನ್ಯಾಸಕ ಗೆಳೆಯನ ಮಾತನ್ನೂ ಇಲ್ಲಿ ಮುಚ್ಚಿಡಬಾರದು. "ಎಂ.ಎ. ಮುಗಿಸಿದ ತಕ್ಷಣ ಕುರ್ಚಿ ಕಾಯ್ತಿರುತ್ತೆ ಅಂದ್ಕೋಬೇಡ. ನನ್ನ ಸ್ಥಿತಿ ನೋಡ್ತಿದೀಯಲ್ಲ, ಪ್ರತಿ ವರ್ಷ ಹೊಸದಾಗಿ ಅರ್ಜಿ" ಅನ್ನುತ್ತಾನೆ. ನಿಜ. ಸ್ಟ್ರಿಂಗರ್ ಕೆಲಸದಿಂದ ತಪ್ಪಿಸಿಕೊಂಡು ಹೋಗಿ ಅಂಥದ್ದೇ ಇನ್ನೊಂದರಲ್ಲಿ ಬೀಳಬಹುದು. ಇದನ್ನು ಯೋಚಿಸಿಯೇ ಮುಂದುವರಿದಿದ್ದೇನೆ. ಕಾಲೇಜಿನವರು ಕರೆಯದಿದ್ದರೂ ಹಿನ್ನೀರಿನ ಅಜ್ಜಿಯ ಸುದ್ದಿ ಬಂತಲ್ಲ, ಅದರ ಬೆಲೆಯನ್ನು ನಾನು ಬೇರೆ ಖಾತೆಗೆ ಜಮಾ ಮಾಡಿಕೊಂಡಿದ್ದೇನೆ.

ಇನ್ನೆರಡು ಪತ್ರಿಕೆ ಬಾಕಿ. ಇದುವರೆಗಿನ ಸರಾಸರಿ 57. ಅಂಗನವಾಡಿ ಅಕ್ಕ ಕಳೆದ ವರ್ಷವೇ ಮುಗಿಸಿದರು. ರಿಸಲ್ಟ್ ಬಂದ ದಿನ ಅತ್ತೆಗೆ ಹೇಳಿದರಂತೆ. ಅತ್ತೆ ಒಂದು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ಅಷ್ಟು ದಿನ ಬಸ್ ಚಾರ್ಜು ಇಲಾಖೆಯವರು ಕೊಡ್ಲಿಲ್ವಾ?" ಅಂತ ಕೇಳಿದರಂತೆ.

ನನ್ನ ಕೊನೆಯ ಪರೀಕ್ಷೆ ಮುಗಿದ ಮಾರನೇ ದಿನ ಗೆಳೆಯರೆಲ್ಲ ಸೇರಿ ಮಾರಿಕಣಿವೆಗೆ ಹೋಗುವುದು ಅಂತ ಮಾತಾಗಿದೆ. ಪಂಕ್ಚರ್ ಅಂಗಡಿಯವನೂ ಒಂದು ದಿನ ಬಾಗಿಲು ಹಾಕಿ ಬರುತ್ತಾನಂತೆ. ಅವನದು ಒಂದೇ ಷರತ್ತು, ಕ್ಯಾಮೆರಾ ತರಬಾರದು.